ಕ್ಲಿಕ್ಕಿಗೊಂದು ಕಾವಲು

ಫೆಬ್ರುವರಿ 17, ಸೋಮವಾರ

ಇವತ್ತು ಕಾವಲು ಹಾಕಿ ಮುಗಿಸಿದೆ. ಇನ್ನು ಯಾವ ಕಳ್ಳ ಕ್ಲಿಕ್ಕೂ ನನ್ನ ಕಣ್ಣು ತಪ್ಪಿಸಿ ಒಳಗೆ ಹೋಗುವ ಹಾಗಿಲ್ಲ.

ಬೆಳಿಗ್ಗೆ ಲಿಫ್ಟಿನಲ್ಲಿ ಪಕ್ಕದ ಮನೆಯಾಕೆ, "ನೀವು ಆಫೀಸಲ್ಲಿ ಏನ್ ಮಾಡ್ತೀರಿ ಅಂತ ಇವತ್ತಿಗೂ ನನಗೆ ಅರ್ಥ ಆಗಿಲ್ಲ ನೋಡಿ" ಎಂದಳು. ಇವಳಿಗ್ಯಾಕೆ ಬೇಕು ಇದೆಲ್ಲ ಎಂದುಕೊಂಡೇ ಹೇಳಿದೆ. ಬೇರೆಯವರು ಪ್ರೋಗ್ರಾಮ್ ಬರೆಯುತ್ತಾರೆ. ಅದಕ್ಕೆ ಬೇಕಾದ ಕಿಟಕಿ, ಬಟನ್, ಮೆನು ಎಲ್ಲವನ್ನೂ ನಮ್ಮ ಟೂಲ್‌ಕಿಟ್ಟಿನಿಂದ ತೆಗೆದುಕೊಳ್ಳುತ್ತಾರೆ. ಮೂರು ತರಹದ ಕಂಪ್ಯೂಟರುಗಳಲ್ಲೂ ಅವು ಒಂದೇ ತರಹ ನಡೆಯಬೇಕು. ಯಾರಾದರೂ ಕೀ ಒತ್ತಿದರೆ, ಮೌಸ್ ಕ್ಲಿಕ್ ಮಾಡಿದರೆ, ಅದನ್ನು ಹಿಡಿದು ಸರಿಯಾದ ಬಟನ್ನಿಗೆ ಮುಟ್ಟಿಸುವ ಭಾಗ ನನ್ನದು. "ಓಹೋ, ಪೋಸ್ಟ್‌ಮ್ಯಾನ್!" ಎಂದಳು. ಇಷ್ಟು ವರ್ಷ ಗೇಯ್ದದ್ದಕ್ಕೆ ಸಿಕ್ಕ ಬಿರುದು!

ಈಗ ಪೋಸ್ಟ್‌ಮ್ಯಾನಿಗೆ ಪೊಲೀಸ್ ಕೆಲಸವೂ ಬಂದಿದೆ. ಟಿಕೆಟ್ ಮಾರುವ ನಮ್ಮ ದೊಡ್ಡ ಗಿರಾಕಿಯ ಪ್ರೋಗ್ರಾಮಿಗೆ ಯಾರೋ ಪುಣ್ಯಾತ್ಮ ಇನ್ನೊಂದು ಪ್ರೋಗ್ರಾಮನ್ನು ಛೂ ಬಿಟ್ಟಿದ್ದಾನೆ. ಮನುಷ್ಯರ ಕೈಯೇ ಇಲ್ಲದೆ ಅದು ಟಪಟಪ ಕ್ಲಿಕ್ ಮಾಡಿ ಒಳ್ಳೆಯ ಸೀಟುಗಳನ್ನೆಲ್ಲ ಬಾಚಿಕೊಂಡು ಹೋಗಿದೆ. ನನ್ನ ಪರಿಹಾರ ಸರಳ. ಕ್ಲಿಕ್ ನೇರವಾಗಿ ಮೌಸಿನಿಂದಲೋ ಕೀಬೋರ್ಡಿನಿಂದಲೋ ಬಂದಿದ್ದರೆ ಒಳಗೆ. ಬೇರೆ ಪ್ರೋಗ್ರಾಮ್ ತಳ್ಳಿ ಕಳಿಸಿದ್ದಾದರೆ ಅಲ್ಲೇ ಸ್ವಾಹಾ. ಮೂರು ತರಹದ ಕಂಪ್ಯೂಟರುಗಳಲ್ಲಿ ಒಂದು ಮಾತ್ರ ಕ್ಲಿಕ್ ಎಲ್ಲಿಂದ ಹುಟ್ಟಿತು ಎಂದು ಬಾಯಿಬಿಡುತ್ತದೆ, ಹಾಗಾಗಿ ಸದ್ಯಕ್ಕೆ ಅದರಲ್ಲಿ ಮಾತ್ರ. ತಡೆದಾಗ ಒಂದು ಸೂಚನೆ ತೋರಿಸಬೇಕಲ್ಲವೇ ಎಂದು ಮ್ಯಾನೇಜರು ಕೇಳಿದರು. ಕಳ್ಳನಿಗೆ ಕಾರಣ ಬೇರೆ ಹೇಳಬೇಕೇ?

ಸಂಜೆ ನಮ್ಮವರು ಬಾಗಿಲಲ್ಲಿ ಚೀಲ ಹಿಡಿದು ನಿಂತು, "ನಾನು... ಸ್ವಲ್ಪ..." ಎಂದರು. ಇವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾನು ಒಂದು ಕಟ್ಟು ಸೊಪ್ಪು ಬಿಡಿಸಿ ತೊಳೆದಿಡಬಹುದು. "ಹೊರಗೆ ಹೋಗ್ಬರ್ತೀನಿ ಅಂತ ತಾನೆ? ಹೋಗಿ" ಎಂದೆ. ಹೋದರು. ಎಲ್ಲಿಗೆ? ಚೀಲದಲ್ಲಿ ಏನಿತ್ತು?

ಫೆಬ್ರುವರಿ 18, ಮಂಗಳವಾರ

ನನ್ನ ಪಕ್ಕದ ಮೇಜಿಗೆ ಒಬ್ಬನನ್ನು ತಂದು ಕೂರಿಸಿದ್ದಾರೆ. ನಾವು ಬರೆದದ್ದರಲ್ಲಿ ತಪ್ಪು ಹುಡುಕುವ ತಪಾಸಣೆ ವಿಭಾಗದವನಂತೆ. ನನಗಿಂತ ಸ್ವಲ್ಪ ದೊಡ್ಡವನಿರಬೇಕು, ತಲೆ ಪೂರ್ತಿ ಬೆಳ್ಳಗೆ. ರಬ್ಬರ್ ಅಟ್ಟೆಯ ಬೂಟು ಹಾಕುತ್ತಾನೆ, ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಬೆಕ್ಕು ಎಂದು ಹೆಸರಿಟ್ಟಿದ್ದೇನೆ.

"ನಿಮ್ಮ ಸಹಾಯಕ್ಕೆ" ಎಂದರು ಮ್ಯಾನೇಜರು. ನಾನು ಸಹಾಯ ಕೇಳಿದ್ದೆನಾ? ಪ್ರಿಂಟಿಂಗ್ ಭಾಗ ನೋಡಿಕೊಳ್ಳುತ್ತಿದ್ದಾಕೆಗೂ ಹೀಗೇ ಒಬ್ಬ ಸಹಾಯಕ ಬಂದಿದ್ದ. ಈಗ ಆಕೆಯ ಕುರ್ಚಿಯಲ್ಲಿ ಅವನೇ ಕೂತಿದ್ದಾನೆ.

ಮಧ್ಯಾಹ್ನ ಬೆಕ್ಕು ಮೆಲ್ಲಗೆ, "ಮೇಡಂ, ನಿಮ್ಮ ಆ ಕಾವಲು ಇದೆಯಲ್ಲ..." ಎಂದ.

"ಚೆನ್ನಾಗಿದೆ. ಗೊತ್ತು" ಎಂದೆ.

ತನ್ನ ಪರದೆಯ ಕಡೆ ತಿರುಗಿದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ನಾನು ಎದ್ದು ಹೋದಾಗಲೆಲ್ಲ ಇವನ ಕಣ್ಣು ನನ್ನ ಪರದೆಯ ಮೇಲಿರುತ್ತದೆ.

ಫೆಬ್ರುವರಿ 28, ಶುಕ್ರವಾರ

ಹೊಸ ಆವೃತ್ತಿ ಹೊರಗೆ ಹೋಯಿತು. ಟಿಕೆಟ್ ಗಿರಾಕಿ ಖುಷಿಯಾಗಿದ್ದಾರೆ. ಬೆಕ್ಕು ಮತ್ತೆ ಏನೋ ಹೇಳಲು ಬಂದ. ಫೋನ್ ಬಂದವಳ ಹಾಗೆ ಎದ್ದು ಹೋದೆ.

ಮಾರ್ಚ್ 4, ಮಂಗಳವಾರ

ನಾನು ಅಂದುಕೊಂಡದ್ದೇ ಆಯಿತು. ಶುರುವಾಗಿದೆ ನಾಟಕ.

ನಮ್ಮ ದೂರುಗಳ ಪುಟದಲ್ಲಿ ಬೆಳಿಗ್ಗೆ ಇದು ಬಂದಿತ್ತು: "ನನ್ನ ತಂಗಿಗೆ ಮಾತಿಲ್ಲ, ಕೈಕಾಲು ಆಡುವುದಿಲ್ಲ. ಕೆನ್ನೆಯಿಂದ ಒಂದು ಸ್ವಿಚ್ ಒತ್ತಿ, ಪರದೆಯ ಮೇಲೆ ಅಕ್ಷರ ಆರಿಸಿ ಬರೆಯುತ್ತಾಳೆ. ಆ ಪ್ರೋಗ್ರಾಮ್ ನಿಮ್ಮ ಟೂಲ್‌ಕಿಟ್ ಬಳಸಿ ಮಾಡಿದ್ದು. ಮಾಡಿದವರು ಅಂಗಡಿ ಮುಚ್ಚಿ ವರ್ಷಗಳಾದವು. ಕಳೆದ ವಾರ ನಿಮ್ಮ ಹೊಸ ಆವೃತ್ತಿ ತಾನಾಗಿ ಬಂದು ಕೂತ ಮೇಲೆ ಅವಳು ಎಷ್ಟು ಒತ್ತಿದರೂ ಒಂದಕ್ಷರ ಬೀಳುತ್ತಿಲ್ಲ. ಇಪ್ಪತ್ತನೇ ತಾರೀಖು ಅಧಿಕಾರಿಗಳು ಮನೆಗೆ ಬರುತ್ತಾರೆ. ಅವಳು ನನ್ನ ಜೊತೆ ಇರುತ್ತಾಳೋ ಆರೈಕೆ ಕೇಂದ್ರಕ್ಕೆ ಹೋಗುತ್ತಾಳೋ ಎಂದು ಅವಳನ್ನೇ ಕೇಳಬೇಕಂತೆ. ಹೌದು-ಅಲ್ಲ ಸಾಲದು, ಅವಳದೇ ಮಾತಿನಲ್ಲಿ ಬೇಕಂತೆ. ನಾನು ಹೇಳಿದರೆ ನಡೆಯುವುದಿಲ್ಲವಂತೆ. ಅವಳು ಹೇಳಲಾಗದಿದ್ದರೆ ವೈದ್ಯರು ಬರೆದಂತೆ ಕೇಂದ್ರಕ್ಕೇ ಕಳಿಸುತ್ತಾರೆ. ದಯವಿಟ್ಟು ಬೇಗ ನೋಡಿ."

ಎಷ್ಟು ಚೆನ್ನಾಗಿ ಹೆಣೆದಿದ್ದಾನೆ! ತಂಗಿ, ಕೆನ್ನೆ, ಅಧಿಕಾರಿ, ತಾರೀಖು, ಒಂದೂ ಬಿಟ್ಟಿಲ್ಲ. ನಿಜವಾಗಿ ತೊಂದರೆಯಾದವರು "ಕೆಲಸ ಮಾಡ್ತಿಲ್ಲ, ಥೂ ನಿಮ್ಮ" ಎಂದು ಬರೆಯುತ್ತಾರೆ. ಇಷ್ಟು ಒಪ್ಪವಾಗಿ ಬರೆಯುವುದು ತಪಾಸಣೆ ವಿಭಾಗದವರು. ಪಕ್ಕಕ್ಕೆ ನೋಡಿದೆ. ಬೆಕ್ಕು ಏನೂ ಅರಿಯದವನ ಹಾಗೆ ಕನ್ನಡಕ ಒರೆಸುತ್ತಿದ್ದ.

"ಸ್ವಿಚ್ ಕೆಟ್ಟಿರಬಹುದು, ನೋಡಿಕೊಳ್ಳಿ. ನಮ್ಮ ಕಡೆ ಎಲ್ಲ ಸರಿಯಿದೆ" ಎಂದು ಬರೆದು ದೂರು ಮುಚ್ಚಿದೆ.

ಮಾರ್ಚ್ 6, ಗುರುವಾರ

ಅವನು ಮತ್ತೆ ತೆರೆದಿದ್ದಾನೆ. ಹೊಸ ಸ್ವಿಚ್ ತಂದು ಹಾಕಿದನಂತೆ. ಹಳೆಯ ಆವೃತ್ತಿ ಹಾಕಿದರೆ ಮಾರನೆಯ ದಿನ ಹೊಸದು ತಾನಾಗಿ ಬಂದು ಕೂರುತ್ತದಂತೆ. "ಅವಳು ಬೆಳಿಗ್ಗೆಯಿಂದ ಒತ್ತುತ್ತಲೇ ಇದ್ದಾಳೆ" ಎಂದು ಬರೆದಿದ್ದಾನೆ.

ವಿಡಿಯೋ ಕಳಿಸಿ ಎಂದೆ. ಸ್ವಿಚ್ಚು, ಕೆನ್ನೆ, ಪರದೆ ಮೂರೂ ಒಟ್ಟಿಗೆ ಕಾಣಬೇಕು ಎಂದೂ ಬರೆದೆ. ನೋಡೋಣ, ಈಗ ಎಲ್ಲಿಂದ ತಂಗಿಯನ್ನು ತರುತ್ತಾನೆ!

ಮಾರ್ಚ್ 7, ಶುಕ್ರವಾರ

ನಮ್ಮವರ ಅಂಗಿಯಿಂದ ಆಸ್ಪತ್ರೆಯ ವಾಸನೆ ಬರುತ್ತಿದೆ. ಔಷಧಿ ಹಾಕಿ ನೆಲ ಒರೆಸಿದರೆ ಬರುತ್ತದಲ್ಲ, ಅಂಥದ್ದು. ಕಣ್ಣೂ ಕೆಂಪಾಗಿತ್ತು. "ಏನಾಗಿದೆ ನಿಮಗೆ?" ಎಂದೆ.

"ಅದು... ಏನಿಲ್ಲ... ನಾನು..."

"ಏನಿಲ್ಲ ಅಂತ ನೀವೇ ಅಂದ್ರಲ್ಲ, ಆಯ್ತು ಬಿಡಿ!"

ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ. ಏನೋ ಕಾಯಿಲೆ ಮುಚ್ಚಿಡುತ್ತಿದ್ದಾರೆ. ಕೇಳಿದರೆ ಹೇಳುವುದಿಲ್ಲ. ರಾತ್ರಿ ಊಟ ಸೇರಲಿಲ್ಲ.

ಮಾರ್ಚ್ 10, ಸೋಮವಾರ

ವಿಡಿಯೋ ಬಂತು.

ತಲೆಕಡೆ ಎತ್ತರಿಸಿದ ಹಾಸಿಗೆ. ಕತ್ತರಿಸಿದ ಕೂದಲಿನ, ನಲವತ್ತರ ಆಸುಪಾಸಿನ ಹೆಂಗಸು. ಕೆನ್ನೆಯ ಪಕ್ಕ ಕಂಬಿಗೆ ಕಟ್ಟಿದ ದುಂಡನೆಯ ಸ್ವಿಚ್. ಎದುರಿನ ಪರದೆಯಲ್ಲಿ ಅಕ್ಷರಗಳ ಸಾಲುಗಳ ಮೇಲೆ ಹಳದಿ ಪಟ್ಟಿಯೊಂದು ಮೇಲಿನಿಂದ ಕೆಳಗೆ ಇಳಿಯುತ್ತಿತ್ತು. ಬೇಕಾದ ಸಾಲಿಗೆ ಬಂದಾಗ ಒತ್ತಿದರೆ ಅದು ನಿಲ್ಲಬೇಕು. ಅವಳು ಒತ್ತಿದಳು. ಸ್ವಿಚ್ಚಿನ ಹಸಿರು ದೀಪ ಹತ್ತಿತು. ಪಟ್ಟಿ ನಿಲ್ಲಲಿಲ್ಲ. ಪೂರ್ತಿ ಸುತ್ತು ಬರುವವರೆಗೆ ಕಾದು, ಅದೇ ಸಾಲಿನಲ್ಲಿ ಮತ್ತೆ ಒತ್ತಿದಳು. ಆಗಲೂ ಇಲ್ಲ.

ಹಿಂದಿನಿಂದ ಅಣ್ಣನ ದನಿ: "ನೋಡಿ, ಎಷ್ಟು ಬೇಜಾರಾಗಿದೆ ಅವಳಿಗೆ. ಈ ಮನೆ ಬಿಟ್ಟು ಎಲ್ಲೂ ಹೋಗಲ್ಲ ಅಂತಿದಾಳೆ."

ಒಂದಕ್ಷರವೂ ಬೀಳುತ್ತಿಲ್ಲ ಎನ್ನುವವನಿಗೆ ಅವಳು ಅಂದದ್ದು ಕೇಳಿಸಿದ್ದು ಹೇಗೆ? ಈ ಮನುಷ್ಯ ಅವಳ ಹೆಸರಿನಲ್ಲಿ ತನ್ನ ಮಾತು ಆಡುತ್ತಿದ್ದಾನೆ. ಇವನ ಮೇಲೂ ಒಂದು ಕಣ್ಣಿಡಬೇಕು.

"ದೀಪ ಹತ್ತಿತಲ್ಲ ಮೇಡಂ" ಎಂದು ಬೆನ್ನ ಹಿಂದೆ ದನಿ. ತಿರುಗಿ ನೋಡಿದೆ. ಬೆಕ್ಕು!

"ದೀಪ ಹತ್ತಿಸೋಕೆ ಯಾರಿಗೆ ಬರಲ್ಲ?" ಎಂದು ವಿಡಿಯೋ ಮುಚ್ಚಿದೆ.

ಮಾರ್ಚ್ 11, ಮಂಗಳವಾರ

ಆ ಕೆನ್ನೆ ಕಣ್ಣಿಂದ ಹೋಗುತ್ತಿಲ್ಲ. ನಾಟಕ ಆಡುವವರು ಒಂದು ಸಲ ಒತ್ತಿ ಕ್ಯಾಮೆರಾ ಕಡೆ ನೋಡುತ್ತಾರೆ. ಪಟ್ಟಿ ಸುತ್ತಿ ಬರುವವರೆಗೆ ಕಾದು ಕೂರುವುದಿಲ್ಲ.

ಮಾರ್ಚ್ 12, ಬುಧವಾರ

ಬೆಳಿಗ್ಗೆ ನನ್ನ ಮೇಜಿನ ಮೇಲೆ ಅಂಥದೇ ದುಂಡನೆಯ ಸ್ವಿಚ್ ಇತ್ತು. ಬೆಕ್ಕು ಆರೈಕೆ ಸಾಮಾನಿನ ಅಂಗಡಿಯಿಂದ ಬಾಡಿಗೆಗೆ ತಂದಿದ್ದನಂತೆ. ಯಾರು ಹೇಳಿದರು ಇವನಿಗೆ? ಎಂದು ಕೇಳುವ ಮೊದಲೇ ನನ್ನ ಕೈ ಅದನ್ನು ಸಿಕ್ಕಿಸಿಯಾಗಿತ್ತು.

ಮೊದಲ ಕಂಪ್ಯೂಟರಿನಲ್ಲಿ ಒತ್ತಿದೆ, ಕ್ಲಿಕ್ ಬಂತು. ಎರಡನೆಯದರಲ್ಲೂ ಬಂತು. ಮೂರನೆಯದರಲ್ಲಿ, ನನ್ನ ಕಾವಲು ಇರುವುದರಲ್ಲಿ, ದೀಪ ಹತ್ತಿತು. ಅಷ್ಟೇ. ಒತ್ತಿದೆ, ಒತ್ತಿದೆ, ಅಂಗೈ ಊರಿ ಒತ್ತಿದೆ.

"ನನ್ನ ತಪಾಸಣೆ ಪ್ರೋಗ್ರಾಮ್‌ಗಳೂ ಇದರಲ್ಲೇ ಸತ್ತು ಬಿದ್ದಿವೆ" ಎಂದ ಬೆಕ್ಕು. "ಅವೂ ತಾವೇ ಕ್ಲಿಕ್ ಮಾಡೋವು ತಾನೆ? ಬಂದ ದಿನದಿಂದ ಹೇಳ್ಬೇಕು ಅಂತಿದೀನಿ. ನೀವು ನನ್ನ ವಾಕ್ಯ ನೀವೇ ಮುಗಿಸಿಬಿಡ್ತೀರಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ, "ಇದನ್ನಾದ್ರೂ ಮುಗಿಸ್ತೀನಿ ಇರಿ. ಈ ಸ್ವಿಚ್ ಕೀಬೋರ್ಡ್ ಅಲ್ಲ. ಇದರ ಜೊತೆ ಒಂದು ಪುಟ್ಟ ಪ್ರೋಗ್ರಾಮ್ ಬರತ್ತೆ. ಒತ್ತಿದ್ದನ್ನ ಅದು ಕ್ಲಿಕ್ ಮಾಡಿ ನಿಮಗೆ ಕಳಿಸತ್ತೆ. ನಿಮ್ಮ ಲೆಕ್ಕದಲ್ಲಿ ಅದೂ ಕಳ್ಳನೇ" ಎಂದ.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಟಿಕೆಟ್ ಕಳ್ಳನಿಗೆ ಹಾಕಿದ ಬೇಲಿಯಲ್ಲಿ ಹಾಸಿಗೆ ಬಿಟ್ಟೇಳಲಾರದ ಹೆಣ್ಣುಮಗಳೊಬ್ಬಳು ಸಿಕ್ಕಿಹಾಕಿಕೊಂಡಿದ್ದಾಳೆ. ಯಾಕೆ ಎಂದು ಅವಳಿಗೆ ಹೇಳುವ ಒಂದು ಸಾಲಿನ ಸೂಚನೆಯನ್ನೂ ನಾನು ಇಟ್ಟಿಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು. ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಕ್ಯಾಂಟೀನಿನವನ ಟೀ ಚೆನ್ನಾಗಿಲ್ಲ ಎಂದು ಜಗಳ ತೆಗೆದೆ. ನಿಜಕ್ಕೂ ಚೆನ್ನಾಗಿರಲಿಲ್ಲ.

ಮಾರ್ಚ್ 13, ಗುರುವಾರ

ಮ್ಯಾನೇಜರು: "ಮುಂದಿನ ತಿಂಗಳ ಆವೃತ್ತಿಯಲ್ಲಿ ನೋಡೋಣ. ಈಗ ಕಾವಲು ತೆಗೆದ್ರೆ ಟಿಕೆಟ್‌ನೋರು ನಮ್ಮ ತಲೆ ಮೇಲೆ ಮೆಣಸು ಅರೀತಾರೆ."

"ಅಲ್ಲಿ ಅಧಿಕಾರಿ ಬರೋದು ಇಪ್ಪತ್ತಕ್ಕೆ."

"ಒಬ್ಬಳಿಗೋಸ್ಕರ...?"

ಈ ಮನುಷ್ಯನ ವಾಕ್ಯವನ್ನು ನಾನು ಮುಗಿಸಲಿಲ್ಲ. ಸುಮ್ಮನೆ ಮುಖ ನೋಡುತ್ತಾ ನಿಂತೆ. ಪಾಪ, ತಾವೇ ಮುಗಿಸಬೇಕಾಗಿ ಬಂದಾಗ ಅವರಿಗೂ ಕಷ್ಟವಾಯಿತು. "ಅವರೊಬ್ಬರಿಗೆ ಬೇರೆ ಪ್ರತಿ ಮಾಡಿ ಕಳಿಸಿ. ನನಗೆ ಹೇಳಿಲ್ಲ ಅಂದ್ಕೊಳ್ಳಿ" ಎಂದರು.

ಕಳ್ಳನ ಕ್ಲಿಕ್ಕನ್ನೂ ಕೆನ್ನೆಯ ಕ್ಲಿಕ್ಕನ್ನೂ ಬೇರೆ ಮಾಡುವುದು ಹೇಗೆ ಎಂದು ದಿನವಿಡೀ ತಲೆ ಕೆರೆದುಕೊಂಡೆವು. ನಾನು ಒಂದು ಉಪಾಯ ಹೇಳುವುದು, ಬೆಕ್ಕು ಅದರಲ್ಲಿ ತೂತು ತೋರಿಸುವುದು. ಅವರ ಮೂಗು ಚುರುಕು, ಒಪ್ಪಲೇಬೇಕು. ಕೊನೆಗೆ ಅವರೇ, "ಬೇರೆ ಮಾಡೋ ಉಸಾಬರಿ ನಮಗ್ಯಾಕೆ? ಇದು ಎಲ್ಲಿಂದ ಬಂತು ಅಂತ ಒಂದು ಗುರುತು ಹಾಕಿ ಮುಂದಕ್ಕೆ ಕಳಿಸೋಣ. ಬೇಡದಿದ್ರೆ ಟಿಕೆಟ್‌ನೋರು ತಮ್ಮ ಬಾಗಿಲಲ್ಲಿ ತಡೀಲಿ" ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಷ್ಟು ಸುಲಭದ್ದು ನನಗೇಕೆ ಹೊಳೆಯಲಿಲ್ಲವೋ!

ಮಾರ್ಚ್ 17, ಸೋಮವಾರ

ಹೊಸ ಪ್ರತಿ ಕಳಿಸಿ, ಅಣ್ಣ ತಂಗಿ ಇಬ್ಬರನ್ನೂ ವಿಡಿಯೋ ಕರೆಯಲ್ಲಿ ನೋಡುತ್ತಾ ಕೂತೆವು. ಬೆಕ್ಕು ಮೇಷ್ಟ್ರಿಗೆ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿದ್ದೆ. ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ.

ಹಳದಿ ಪಟ್ಟಿ ಇಳಿಯಿತು. ಅವಳು ಒತ್ತಿದಳು. ದೀಪ ಹತ್ತಿತು. ಪಟ್ಟಿ ನಿಂತಿತು! ಅಬ್ಬಾ ಎಂದು ನಾವಿಬ್ಬರೂ ಒಟ್ಟಿಗೆ ಉಸಿರುಬಿಟ್ಟೆವು. ಅಣ್ಣನಂತೂ ಕಣ್ಣು ಒರೆಸಿಕೊಂಡೇ ಒರೆಸಿಕೊಂಡ. ಸಾಲಾಯಿತು, ಸಾಲಿನಲ್ಲಿ ಅಕ್ಷರವಾಯಿತು. "ನೀ" ಎಂದು ಬಿತ್ತು.

"ನೀರು! ನೀರು ಕೇಳ್ತಿದಾಳೆ" ಎಂದು ಅಣ್ಣ ಎದ್ದೇಬಿಟ್ಟ. ಒಳಗೆ ಲೋಟದ ಸದ್ದು. ಅವಳು ಆ ಕಡೆ ನೋಡಲೇ ಇಲ್ಲ. ಇನ್ನೊಂದು ಅಕ್ಷರಕ್ಕೆ ಕಾಯುತ್ತಿದ್ದಳು. ಮುಂದಿನದು ಇದೇ ಇರಬೇಕು ಎಂದು ನನ್ನ ನಾಲಿಗೆ ತುದಿಗೂ ಒಂದು ಪದ ಬಂದಿತ್ತು, ಮೇಷ್ಟ್ರು ಕೆಮ್ಮಿದರು. ಸುಮ್ಮನಾದೆ. ಅಣ್ಣ ನೀರು ತಂದು ತುಟಿಗೆ ಹಿಡಿದ, ಅವಳು ಕುಡಿಯಲಿಲ್ಲ, ಗಲ್ಲದ ಮೇಲೆ ಇಳಿಯಿತು. ಅವನು ಒರೆಸಿದ. ಬಹಳ ಹೊತ್ತಿನ ಮೇಲೆ ಪೂರ್ತಿಯಾಯಿತು: "ನೀವು ಯಾರು"

ನನ್ನನ್ನು! ಇಷ್ಟು ದಿನ ಅವಳು ಯಾರು, ನಿಜವಾ ಸುಳ್ಳಾ ಎಂದು ಕೇಳಿದವಳು ನಾನು. ಅವಳಿಗೂ ಒಂದು ಪ್ರಶ್ನೆ ಇರಬಹುದೆಂದು ನನಗೆ ಹೊಳೆದಿರಲಿಲ್ಲ.

"ನೀವು ಒತ್ತಿದ್ದನ್ನ ತಡೆದು ಹಾಕಿದೋಳು ನಾನೇ" ಎಂದೆ. "ಈಗ ಬಿಟ್ಟಿದೀನಿ."

ಅವಳ ತುಟಿಯ ಒಂದು ತುದಿ ಮೇಲೆ ಹೋಯಿತು. "ನಗ್ತಿದಾಳೆ, ಥ್ಯಾಂಕ್ಸ್ ಅಂತಿದಾಳೆ" ಎಂದ ಅಣ್ಣ. ನಗುತ್ತಿದ್ದದ್ದು ನಿಜ. ಥ್ಯಾಂಕ್ಸ್ ಇರಲಿಕ್ಕಿಲ್ಲ.

ಮಾರ್ಚ್ 18, ಮಂಗಳವಾರ

ಸಂಜೆ ನಮ್ಮವರು ಚೀಲ ಹಿಡಿದು ಬಾಗಿಲಲ್ಲಿ ನಿಂತರು. "ನಾನು... ಈ ಒಂದು ತಿಂಗಳಿಂದ... ಆ ಕೆಳಗಿನ ರಸ್ತೆ ಕೊಳ ಇದೆಯಲ್ಲ... ಅಲ್ಲಿ... ಈಜು ಕಲೀತಿದೀನಿ. ಸಣ್ಣ ಸಣ್ಣ ಮಕ್ಕಳ ಜೊತೆ. ಅವೆಲ್ಲ ಕಲಿತು ಮುಂದಿನ ಗುಂಪಿಗೆ ಹೋದ್ವು... ನಾನಿನ್ನೂ ಹಲಗೆ ಹಿಡ್ಕೊಂಡು ಕಾಲು ಬಡೀತಿದೀನಿ. ನೀನು ನಗ್ತೀಯ ಅಂತ... ಹೇಳಿರ್ಲಿಲ್ಲ."

ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊಳದ ನೀರಿಗೆ ಹಾಕುವ ಔಷಧಿಯ ವಾಸನೆಗೆ ನಾನು ಏನೇನು ಕಾಯಿಲೆ ಕಟ್ಟಿದ್ದೆನೋ, ಆ ಹೆದರಿಕೆಯೆಲ್ಲ ನಗುವಾಗಿ ಹೋಯಿತು. ಆಮೇಲೆ ಸ್ವಲ್ಪ ಅಳುವೂ ಬಂತು. ಟೀ ಆರಿ ತಣ್ಣಗಾಗಿತ್ತು, ಮತ್ತೆ ಬಿಸಿ ಮಾಡಿ ಕೊಟ್ಟೆ. ಇತ್ತೀಚೆಗೆ ಇವರು ಮಾತು ಬೇಗ ಮುಗಿಸುತ್ತಾರೆ. ಈಜಿನಿಂದ ಉಸಿರು ಸುಧಾರಿಸಿರಬೇಕು.

ಮಾರ್ಚ್ 20, ಗುರುವಾರ

ಇವತ್ತು ಅಧಿಕಾರಿ ಹೋಗುವ ದಿನ. ಕೆಲಸದ ಮೇಲೆ ಮನಸ್ಸಿಲ್ಲ. ಅಣ್ಣನಿಂದ ಸುದ್ದಿಯಿಲ್ಲ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಅವನ ಪತ್ರ ಬಂದಿತ್ತು.

ಅಧಿಕಾರಿ ಬಂದರಂತೆ. ಅವನನ್ನು ಹೊರಗೆ ಕೂರಿಸಿ ಅವಳೊಬ್ಬಳ ಎದುರು ಕುಳಿತರಂತೆ. ಮಧ್ಯಾಹ್ನ ದಾಟುವವರೆಗೆ ಬಾಗಿಲು ತೆರೆಯಲಿಲ್ಲವಂತೆ. ಆಮೇಲೆ ಅವಳು ಬರೆದದ್ದನ್ನು ಅವನಿಗೆ ಓದಿ ಹೇಳಿದರಂತೆ: "ಅಣ್ಣ ಒಳ್ಳೆಯವನು. ನನ್ನ ಮಾತನ್ನೆಲ್ಲ ಅವನೇ ಆಡುತ್ತಾನೆ. ನಾನು ಕೇಂದ್ರಕ್ಕೆ ಹೋಗುತ್ತೇನೆ."

ಕೆಳಗೆ ಅವನು ಬರೆದಿದ್ದ: "ಇದು ಅವಳು ಹೇಳುವ ಮಾತಲ್ಲ. ಹನ್ನೊಂದು ವರ್ಷದಿಂದ ಅವಳ ಮನಸ್ಸು ಓದಿದವನು ನಾನು. ಹೊಸ ಪ್ರತಿ ಕಳಿಸಿದಾಗ ನೀವೇ ಬರೆದಿದ್ದಿರಿ, ಬೇರೆ ಪ್ರೋಗ್ರಾಮ್‌ಗಳೂ ಕ್ಲಿಕ್ ಕಳಿಸಬಹುದು ಎಂದು. ಏನೋ ಎಡವಟ್ಟಾಗಿದೆ. ಆಗ ಒತ್ತಿದ್ದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗಿದೆ, ಜೊತೆಗೆ ಕಳಿಸಿದ್ದೇನೆ. ನೀವು ಅನುಮಾನವಿದೆ ಎಂದು ಒಂದು ಸಾಲು ಬರೆದುಕೊಟ್ಟರೆ ಸಾಕು, ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದಿದ್ದಾರೆ ಅಧಿಕಾರಿ. ದಯವಿಟ್ಟು."

ಅನುಮಾನಕ್ಕೆ ನನ್ನ ಹತ್ತಿರ ಬಂದಿದ್ದಾನೆ. ಅಂಗಡಿ ಸರಿಯಾಗಿಯೇ ಹುಡುಕಿದ್ದಾನೆ.

ಮೇಷ್ಟ್ರೂ ನಾನೂ ಕೂತು ನೋಡಿದೆವು. ಪ್ರತಿಯೊಂದು ಕ್ಲಿಕ್ಕಿನ ಮೇಲೂ ನಾವು ಹಾಕಿಸಿದ ಗುರುತಿತ್ತು: ಸ್ವಿಚ್, ಸ್ವಿಚ್, ಸ್ವಿಚ್. ಬೇರೆ ಯಾವುದರದೂ ಒಂದಿಲ್ಲ. ತಪ್ಪು ಸಾಲಿನಲ್ಲಿ ಒತ್ತಿ ಹಿಂದೆ ಬಂದದ್ದಿತ್ತು, ಸುಸ್ತಾಗಿ ನಿಂತದ್ದಿತ್ತು. ಪ್ರೋಗ್ರಾಮಿಗೆ ಸುಸ್ತಾಗುವುದಿಲ್ಲ. "ಅಣ್ಣ" ಆದ ಮೇಲೆ ಮೊದಲು "ಸ" ಎಂದು ಒತ್ತಿ, ಎಷ್ಟೋ ಹೊತ್ತು ಬಿಟ್ಟು ಅದನ್ನು ಅಳಿಸಿ, ಆಮೇಲೆ "ಒಳ್ಳೆಯವನು" ಎಂದು ಬರೆದಿದ್ದಳು.

"ಆ 'ಸ' ಏನಿರಬಹುದು?" ಎಂದು ಕೇಳಿದರು ಮೇಷ್ಟ್ರು.

"ಅಳಿಸಿದಾರಲ್ಲ, ಬಿಡಿ" ಎಂದೆ.

ಅವನ ಮೇಲೆ ಕನಿಕರವೇ ಬಂತು. ಹನ್ನೊಂದು ವರ್ಷ ಉಣಿಸಿ, ಒರೆಸಿ, ಹೊರಳಿಸಿ ಮಲಗಿಸಿದವನು. ಅವಳಿಗೆ ಮಾತು ಬರಲೆಂದು ನನ್ನಂಥವಳ ಹತ್ತಿರ ಬೈಸಿಕೊಂಡವನೂ ಅವನೇ. ಒಂದು ಸಾಲು ಕೇಳುತ್ತಿದ್ದಾನೆ. ಅನುಮಾನದ ಸಾಲು ಬರೆಯುವುದು ನನಗೇನು ಕಷ್ಟ? ಈ ಡೈರಿಯ ತುಂಬ ಅದನ್ನೇ ಬರೆದಿದ್ದೇನೆ.

ಬರೆದು ಕಳಿಸಿದೆ: "ಎಲ್ಲ ನೋಡಿದೆವು. ಪ್ರತಿಯೊಂದೂ ನಿಮ್ಮ ತಂಗಿಯವರದೇ." ಸಮಾಧಾನದ ಮಾತು ನಾಲ್ಕು ಸೇರಿಸಿದ್ದೆ, ಕಳಿಸುವ ಮೊದಲು ತೆಗೆದೆ. ಮೇಷ್ಟ್ರು ಹೋಗಿ ಎರಡು ಟೀ ತಂದರು.

ಆಫೀಸು ಬಿಡುವ ಹೊತ್ತಿಗೆ ಅವನ ಉತ್ತರ ಬಂತು.

"ಮತ್ತೆ ಕೇಳಿದೆ. ಈ ಸಲ ಮಧ್ಯೆ ಬಾಯಿ ಹಾಕಲಿಲ್ಲ. ಅದನ್ನೇ ಹೇಳಿದಳು. ಬುಧವಾರ ಕರೆದುಕೊಂಡು ಹೋಗಿ ಬಿಟ್ಟುಬರುತ್ತೇನೆ."